ಚಿಕ್ಕ ಮಕ್ಕಳಲ್ಲಿ ಅತಿತೂಕ: ಹೊರನಾಡಿನ ಲೆಕ್ಕ, ನಮ್ಮ ನಾಡಿನ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಪೋಷಕರ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಈ ಶಾಲೆಯಲ್ಲಿ ಓದಿ ಮುಂದೆ ಮಕ್ಕಳ ವೈದ್ಯನಾದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಮಕ್ಕಳ ಅಪೌಷ್ಟಿಕತೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದರು. ನಾನು ಅದರ ಒಂದು ಮಗ್ಗುಲನ್ನು ಮಾತ್ರ ತೆಗೆದುಕೊಳ್ಳುತ್ತೇನೆ: ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣುತ್ತಿರುವ ಅತಿತೂಕ. ಅಪೌಷ್ಟಿಕತೆಯ ಸಭೆಯಲ್ಲಿ ದಪ್ಪ ಮಕ್ಕಳ ಮಾತೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ನನಗೆ ಕೇಳಿಸಿತು. ನ್ಯಾಯವಾದ ಗೊಣಗಾಟ. ಅದಕ್ಕೆ ಉತ್ತರ ಹೇಳುವುದೇ ನನ್ನ ಇವತ್ತಿನ ಕೆಲಸ.

ಈ ವಿಷಯ ಎತ್ತಿದರೆ ನಮ್ಮ ಕಡೆ ಎರಡು ಮಾತು ಬರುತ್ತವೆ. ಒಂದು, "ಅದು ಬೆಂಗಳೂರಿನವರ ಕಾಯಿಲೆ ಬಿಡಿ ಡಾಕ್ಟ್ರೇ, ನಮ್ಮ ಮಕ್ಕಳಿಗೆ ಮೈ ಹತ್ತಿದರೆ ಸಾಕಾಗಿದೆ" ಎನ್ನುವುದು. ಇನ್ನೊಂದು ಈಚಿನದು, ಸ್ವಲ್ಪ ಅಪಾಯದ್ದು: "ಮಕ್ಕಳು ದಪ್ಪ ಆಗ್ತಿದ್ದಾವೆ ಅಂದ ಮೇಲೆ ಸರ್ಕಾರ ಹಾಲು, ಮೊಟ್ಟೆ, ಬಿಸಿಯೂಟ ಯಾಕೆ ಕೊಡಬೇಕು?" ಎನ್ನುವುದು. ಎರಡೂ ತಪ್ಪು. ಏಕೆ ತಪ್ಪು ಎಂಬುದು ಅಂಕಿಗಳನ್ನು ನೋಡಿದರೆ ತಿಳಿಯುತ್ತದೆ. ಅಂಕಿ ಎಂದರೆ ಮುಖ ಕಿವುಚಬೇಡಿ. ನಮ್ಮ ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ತಪ್ಪಿದರೆ ಎದ್ದು ನಿಂತು ತಿದ್ದುತ್ತಾರೆ.

ಮೊದಲು ಅತಿತೂಕ ಎಂದರೇನು? ಕಣ್ಣಿಗೆ ಗುಂಡುಗುಂಡಾಗಿ ಕಂಡ ಮಗುವೆಲ್ಲ ಅತಿತೂಕದ ಮಗುವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡ ಪ್ರಕಟಿಸಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತ, ಈ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು; ನಮ್ಮ ದೇಶದ ಮಕ್ಕಳು ದೆಹಲಿಯವರು. ಎದೆಹಾಲು ಕುಡಿದು, ಹೊಟ್ಟೆ ತುಂಬ ಉಂಡು, ಕಾಯಿಲೆಗೆ ಚಿಕಿತ್ಸೆ ಸಿಕ್ಕಿ ಬೆಳೆದ ಮಕ್ಕಳು ಎಲ್ಲಿ ಹುಟ್ಟಿದರೂ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಆ ಅಧ್ಯಯನ ತೋರಿಸಿದ ಸಂಗತಿ. ಆದ್ದರಿಂದ "ನಮ್ಮ ವಂಶವೇ ಕುಳ್ಳು" ಎನ್ನುವ ಮಾತನ್ನು ಸ್ವಲ್ಪ ಕಡಿಮೆ ಮಾಡೋಣ. ಆ ಮಾನದಂಡದ ಪ್ರಕಾರ, ಮಗುವಿನ ಎತ್ತರಕ್ಕೆ ಎಷ್ಟು ತೂಕವಿರಬೇಕೋ ಅದಕ್ಕಿಂತ ಒಂದು ಗೊತ್ತಾದ ಮಿತಿ ದಾಟಿ ಹೆಚ್ಚಿದ್ದರೆ ಅತಿತೂಕ. ಎತ್ತರಕ್ಕೆ ತಕ್ಕ ತೂಕ ಎನ್ನುವ ಮಾತನ್ನು ನೆನಪಿನಲ್ಲಿಡಿ, ಮತ್ತೆ ಅದಕ್ಕೆ ಬರುತ್ತೇನೆ.

ಈಗ ಲೋಕದ ಲೆಕ್ಕ. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ಸೇರಿ ಆಗಾಗ ಒಂದು ಜಂಟಿ ಅಂದಾಜು ಹೊರಡಿಸುತ್ತವೆ. ಅದರಂತೆ 2000ದಲ್ಲಿ ಐದು ವರ್ಷದೊಳಗಿನ ಸುಮಾರು 3.3 ಕೋಟಿ ಮಕ್ಕಳು ಅತಿತೂಕದವರಾಗಿದ್ದರು. 2022ಕ್ಕೆ ಅದು 3.7 ಕೋಟಿ. 2012ರಲ್ಲಿ ಜಗತ್ತಿನ ದೇಶಗಳೆಲ್ಲ ಜಿನೀವಾದಲ್ಲಿ ಸೇರಿ, 2025ರ ವೇಳೆಗೆ ಈ ಪ್ರಮಾಣ ಹೆಚ್ಚದಂತೆ ತಡೆಯುತ್ತೇವೆ ಎಂದು ಗುರಿ ಹಾಕಿಕೊಂಡಿದ್ದವು. ಕಡಿಮೆ ಮಾಡುತ್ತೇವೆ ಎನ್ನಲಿಲ್ಲ, ಹೆಚ್ಚದಂತೆ ನೋಡುತ್ತೇವೆ ಎಂದರು. ಅಷ್ಟು ವಿನಯದ ಗುರಿ.

ಜಗತ್ತಿನ ಸರಾಸರಿ ನೂರಕ್ಕೆ ಐದೂವರೆಯ ಆಸುಪಾಸಿನಲ್ಲಿ ಬಹಳ ವರ್ಷದಿಂದ ನಿಂತಿದೆ. ಆದರೆ ಸರಾಸರಿಯ ಕೆಳಗೆ ಏನು ನಡೆದಿದೆ ನೋಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಭಾಗದಲ್ಲಿ ಐದು ಮಕ್ಕಳಲ್ಲಿ ಒಂದು ಮಗು ಎನ್ನುವ ಹತ್ತಿರಕ್ಕೆ ಹೋಗಿದೆ. ಆಗ್ನೇಯ ಏಷ್ಯಾ, ಅಂದರೆ ಇಂಡೋನೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಇರುವ ಸೀಮೆ, ಶೇ 7 ದಾಟಿದೆ. ಆಫ್ರಿಕಾದಲ್ಲಿ ಇಂಥ ಮಕ್ಕಳ ಸಂಖ್ಯೆ 2000ದಿಂದೀಚೆಗೆ ಸುಮಾರು ಶೇ 23ರಷ್ಟು ಏರಿದೆ. ನಮ್ಮ ದಕ್ಷಿಣ ಏಷ್ಯಾ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿದೆ, ಶೇ 3ರ ಅಕ್ಕಪಕ್ಕ. ಆದರೆ ನಮ್ಮಲ್ಲಿ ಮಕ್ಕಳೇ ಹೆಚ್ಚು. ಹಾಗಾಗಿ ಲೋಕದ ಅತಿತೂಕದ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧ ಭಾಗ ಏಷ್ಯಾ ಖಂಡದಲ್ಲೇ ಇದ್ದಾರೆ.

ಇದರಲ್ಲಿ ಒಂದು ದೇಶದ ಕತೆಯನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ನಮಗೆ ಕನ್ನಡಿ ಹಿಡಿದ ಹಾಗಿದೆ. ಈಜಿಪ್ಟ್. ಅಲ್ಲಿಯ 2014ರ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 15 ಮಕ್ಕಳು ಅತಿತೂಕದವರು, 21 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು. ಒಂದೇ ದೇಶ, ಒಂದೇ ಊರು, ಎಷ್ಟೋ ಕಡೆ ಒಂದೇ ಮನೆ. ಅಲ್ಲಿ ಸರ್ಕಾರ ಬಹುಕಾಲದಿಂದ ರೊಟ್ಟಿ, ಎಣ್ಣೆ, ಸಕ್ಕರೆಯನ್ನು ಅಗ್ಗದ ದರದಲ್ಲಿ ಕೊಡುತ್ತಾ ಬಂದಿದೆ. ಅದರಿಂದ ಹಸಿವು ನೀಗಿತು, ಅದು ಸಣ್ಣ ಮಾತಲ್ಲ. ಆದರೆ ಹಾಲು, ಮೊಟ್ಟೆ, ಮಾಂಸ, ಕಾಳು, ತರಕಾರಿ ಅಗ್ಗವಾಗಲಿಲ್ಲ. 2006ರಲ್ಲಿ ಅಲ್ಲಿ ಹಕ್ಕಿಜ್ವರ ಬಂತು; ಮನೆಮನೆಯ ಕೋಳಿಗಳನ್ನು ಕೊಲ್ಲಬೇಕಾಯಿತು. ಅದಕ್ಕೆ ಮುಂಚೆ, 2005ರ ಸಮೀಕ್ಷೆಯಲ್ಲಿ, ಎತ್ತರ ಕುಂಠಿತವಾದ ಮಕ್ಕಳು ನೂರಕ್ಕೆ 23. 2008ರ ಸಮೀಕ್ಷೆಯಲ್ಲಿ 29. ಮನೆಯಿಂದ ಕೋಳಿ ಮೊಟ್ಟೆ ಹೋದದ್ದಕ್ಕೂ ಮಕ್ಕಳ ಎತ್ತರ ಕುಸಿದದ್ದಕ್ಕೂ ಸಂಬಂಧವಿದೆ ಎಂದು ಅದನ್ನು ಅಭ್ಯಾಸ ಮಾಡಿದವರು ಹೇಳಿದ್ದಾರೆ. ರೊಟ್ಟಿ, ಸಕ್ಕರೆ, ಎಣ್ಣೆ ತೂಕ ಏರಿಸಿದವು, ಎತ್ತರ ಏರಿಸಲಿಲ್ಲ. ಮಗು ಅಗಲವಾಯಿತು, ಉದ್ದವಾಗಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಂಬುದೊಂದಿದೆ, ಮನೆಮನೆಗೆ ಹೋಗಿ ತೂಕ, ಎತ್ತರ ಅಳೆದು ಬರೆದುಕೊಳ್ಳುತ್ತಾರೆ. ನಾಲ್ಕನೆಯ ಸಮೀಕ್ಷೆ, 2015-16ರದ್ದು, ಅದರಲ್ಲಿ ಭಾರತದ ಅತಿತೂಕದ ಚಿಕ್ಕ ಮಕ್ಕಳು ಶೇ 2.1. ಐದನೆಯದು, 2019-21ರದ್ದು, ಅದರಲ್ಲಿ ಶೇ 3.4. ನಾಲ್ಕೈದು ವರ್ಷದಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ಲಡಾಖಿನಲ್ಲಿ ಅದು ಶೇ 13 ದಾಟಿದೆ, ಮಿಜೋರಾಮಿನಲ್ಲಿ ಶೇ 10, ಸಿಕ್ಕಿಂ, ಅರುಣಾಚಲಗಳಲ್ಲೂ ಅದಕ್ಕೆ ಹತ್ತಿರ. ಬೆಟ್ಟಗುಡ್ಡದ ಸೀಮೆಗಳು ಇವು, ಮಹಾನಗರಗಳಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಶೇ 1.9 ಇದ್ದದ್ದು 4.1 ಆಯಿತು, ಗುಜರಾತಿನಲ್ಲಿ 1.9 ಇದ್ದದ್ದು 3.9. ಎಲ್ಲ ಕಡೆ ಏರಿಲ್ಲ ಎಂಬುದನ್ನೂ ಹೇಳಬೇಕು: ತಮಿಳುನಾಡಿನಲ್ಲಿ ಮತ್ತು ಗೋವಾದಲ್ಲಿ ಮೊದಲಿಗಿಂತ ಸ್ವಲ್ಪ ಇಳಿದಿದೆ. ಶ್ರೀಮಂತ ರಾಜ್ಯವೆಂದರೆ ಏರಲೇಬೇಕು ಎಂಬ ವಿಧಿಯೇನೂ ಇಲ್ಲ ಎಂದಾಯಿತು.

"ಅದು ಪಟ್ಟಣದವರ ಕಾಯಿಲೆ" ಎಂದಿರಲ್ಲ, ಅದನ್ನೂ ನೋಡೋಣ. ಇದೇ ಐದನೆಯ ಸಮೀಕ್ಷೆಯಲ್ಲಿ ದೇಶದ ಪಟ್ಟಣಗಳ ಮಕ್ಕಳಲ್ಲಿ ಶೇ 4.2, ಹಳ್ಳಿಗಳಲ್ಲಿ ಶೇ 3.2. ವ್ಯತ್ಯಾಸ ನೂರಕ್ಕೆ ಒಂದು ಮಗು. ಹಳ್ಳಿ ಪಟ್ಟಣದ ನಡುವೆ ಈಗ ಅಷ್ಟೇ ದೂರ. ನಮ್ಮೂರಿನ ಬಸ್‌ಸ್ಟ್ಯಾಂಡಿನ ಅಂಗಡಿಗೂ ಮೈಸೂರಿನ ಅಂಗಡಿಗೂ ತೂಗುಹಾಕಿರುವ ಪೊಟ್ಟಣಗಳ ಸರದಲ್ಲಿ ಏನಾದರೂ ಭೇದ ಕಾಣುತ್ತದೆಯೇ?

ಇನ್ನು ನಮ್ಮ ಕರ್ನಾಟಕ. ನೂರು ಚಿಕ್ಕ ಮಕ್ಕಳನ್ನು ಈ ಶಾಲೆಯ ಮೈದಾನದಲ್ಲಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಐದನೆಯ ಸಮೀಕ್ಷೆಯ ಪ್ರಕಾರ ಅದರಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 19 ಅಥವಾ 20 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು. ಅತಿತೂಕದವರು ಮೂರು, ಸರಿಯಾಗಿ ಹೇಳಬೇಕೆಂದರೆ ಶೇ 3.2, ಹಿಂದಿನ ಸಮೀಕ್ಷೆಯಲ್ಲಿ 2.6 ಇತ್ತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು ನೂರಕ್ಕೆ 65, ಅದು ಹಿಂದಿನ 61ರಿಂದ ಹೆಚ್ಚಾಗಿದೆ. ಇನ್ನೊಂದು ವಿಷಯ: ಕರ್ನಾಟಕದಲ್ಲಿ ಈ ಅಳತೆ ನಡೆದದ್ದು 2019ರ ಜುಲೈನಿಂದ ಡಿಸೆಂಬರ್‌ವರೆಗೆ. ಅಂದರೆ ಕೊರೊನಾಕ್ಕೆ ಮುಂಚೆ. ಅಂಗನವಾಡಿ ಮುಚ್ಚಿ, ಮಕ್ಕಳು ಮನೆಯಲ್ಲಿ ಮೊಬೈಲು ಹಿಡಿದು ಕೂತ ತಿಂಗಳುಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನೂರಕ್ಕೆ ಮೂರು ಮಕ್ಕಳಿಗೆ ಇಷ್ಟೊಂದು ಮಾತೇ ಎಂದು ಕೇಳಬಹುದು. ಮೂರು ಮಕ್ಕಳಿಗಾಗಿ ಅಲ್ಲ. ಆ ಮೂವರನ್ನೂ ಈ 35 ಜನರನ್ನೂ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸಿ, ಇವರು ಉಳ್ಳವರ ಮಕ್ಕಳು, ಅವರು ಇಲ್ಲದವರ ಮಕ್ಕಳು ಎಂದು ನೋಡುವುದರಲ್ಲೇ ಎಡವಟ್ಟಿದೆ. ಒಂದು ಉದಾಹರಣೆ ಕೊಡುತ್ತೇನೆ. ಮೂರು ವರ್ಷ ತುಂಬಿದ ಇಬ್ಬರು ಗಂಡುಮಕ್ಕಳು. ಇಬ್ಬರೂ 15 ಕಿಲೋ. ಮೂರು ವರ್ಷಕ್ಕೆ ಅದು ಒಳ್ಳೆಯ ತೂಕ, ತಾಯಿ ಕಾರ್ಡಿನ ನಕ್ಷೆಯಲ್ಲಿ ಇಬ್ಬರ ಚುಕ್ಕೆಯೂ ಹಸಿರು ಪಟ್ಟಿಯಲ್ಲೇ ಬೀಳುತ್ತದೆ. ಕಾರ್ಯಕರ್ತೆಗೂ ಸಂತೋಷ, ತಾಯಿಗೂ ಸಂತೋಷ. ಈಗ ಎತ್ತರ ಅಳೆಯಿರಿ. ಒಬ್ಬ 96 ಸೆಂಟಿಮೀಟರು, ಸರಿಯಾಗಿದ್ದಾನೆ. ಇನ್ನೊಬ್ಬ 86 ಸೆಂಟಿಮೀಟರು. ಅವನು ವಯಸ್ಸಿಗೆ ಕುಳ್ಳ, ಎತ್ತರಕ್ಕೆ ಅತಿತೂಕ, ಎರಡೂ ಒಟ್ಟಿಗೆ. ಅವನ ಮೂಳೆಗೆ, ರಕ್ತಕ್ಕೆ ಬೇಕಾದದ್ದು ಸಿಕ್ಕಿಲ್ಲ. ಕೊಬ್ಬಿಗೆ ಬೇಕಾದದ್ದು ಮಾತ್ರ ಸಿಕ್ಕಿದೆ. ಬರೀ ತಕ್ಕಡಿ ನಂಬಿದರೆ ಈ ಮಗು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇಂಥ ಮಗು ಹೇಗಾಗುತ್ತದೆ? ಶುರುವಾಗುವುದು ಹುಟ್ಟುವುದಕ್ಕೂ ಮುಂಚೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಅವರ ತಂಡ 1990ರ ದಶಕದಲ್ಲಿ ಪುಣೆ ಸುತ್ತಿನ ಹಳ್ಳಿಗಳ ಗರ್ಭಿಣಿಯರನ್ನು ಗಮನಿಸುತ್ತಾ ಹೋಯಿತು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳ ಹೊಟ್ಟೆ, ತೋಳು, ಸ್ನಾಯು ಎಲ್ಲವೂ ಸಣ್ಣವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಕಣ್ಣಿಗೆ ಸಣಕಲು, ಒಳಗೆ ಕೊಬ್ಬು.

ನಮ್ಮದೇ ಮೈಸೂರಿನಲ್ಲೂ ಇಂಥ ಕೆಲಸ ನಡೆದಿದೆ, ಅದು ನಮ್ಮವರಿಗೇ ಗೊತ್ತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎನ್ನುತ್ತಿದ್ದರು. ಅಲ್ಲಿ 1930ರ ದಶಕದಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು ಮುಂದೆ ಸಂಶೋಧನೆ ಬೆಳೆಯಿತು. 1990ರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಅಳೆದರು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ, ಐದು ವರ್ಷ ತುಂಬುವ ಹೊತ್ತಿಗೇ, ಚರ್ಮದಡಿಯ ಕೊಬ್ಬು ಹೆಚ್ಚಾಗಿ ಕಂಡಿತು.

ತಾಯಿಯ ಮೈ ಹೇಗಿದೆ ಎಂಬುದು ಆದ್ದರಿಂದ ಮಗುವಿನ ಲೆಕ್ಕದಲ್ಲಿ ಸೇರುತ್ತದೆ. ಕರ್ನಾಟಕದ ಹೆಂಗಸರಲ್ಲಿ ಅತಿತೂಕದವರು ನೂರಕ್ಕೆ 23 ಇದ್ದವರು ಐದನೆಯ ಸಮೀಕ್ಷೆಯಲ್ಲಿ 30. ತೀರಾ ಸಣಕಲಾದವರು ಇನ್ನೂ 17. ಒಂದೇ ತಲೆಮಾರಿನ ತಾಯಂದಿರಲ್ಲಿ ಎರಡೂ ಇದೆ. ಈ ಮಾತು ಹೈಸ್ಕೂಲಿನಲ್ಲಿ ಏಕೆ ಎಂದರೆ, ಇಲ್ಲಿ ಎಡಗಡೆ ಕೂತಿರುವ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳು ಓದು ಮುಗಿಸಿ, ಕೆಲಸ ಹಿಡಿದು, ಹತ್ತು ಹನ್ನೆರಡು ವರ್ಷಕ್ಕೆ ತಾಯಂದಿರಾಗುತ್ತಾರೆ. ಅವರ ಇವತ್ತಿನ ಊಟ, ಇವತ್ತಿನ ರಕ್ತ, ಇವತ್ತಿನ ಆಟ ಆ ಕೂಸಿನ ತೂಕದಲ್ಲಿ ಸೇರಿದೆ. ಆಟದ ಪೀರಿಯಡ್ಡಿನಲ್ಲಿ ಹೆಣ್ಣುಮಕ್ಕಳನ್ನು ನೆರಳಲ್ಲಿ ಕೂರಿಸಿ ಗಂಡುಮಕ್ಕಳಿಗೆ ಮಾತ್ರ ಚೆಂಡು ಕೊಡುವ ಪದ್ಧತಿ ನನ್ನ ಕಾಲದಲ್ಲಿ ಎಲ್ಲ ಕಡೆ ಇತ್ತು. ಈಗಲೂ ಎಲ್ಲೆಲ್ಲಿ ಇದೆಯೋ ಅಲ್ಲಿ ನಿಲ್ಲಿಸಬೇಕು.

ಹುಟ್ಟಿದ ಮೇಲಿನ ಕತೆ ನಿಮಗೆಲ್ಲ ಗೊತ್ತು. ಆರು ತಿಂಗಳು ಎದೆಹಾಲು, ಆಮೇಲೆ ರಾಗಿ ಸರಿ, ಬೇಳೆ ಕಟ್ಟು, ಮೆತ್ತಗೆ ಹಿಸುಕಿದ ಅನ್ನ ತುಪ್ಪ, ಬಾಳೆಹಣ್ಣು, ಮೊಟ್ಟೆ. ಇದನ್ನು ನಮ್ಮ ಅಜ್ಜಿಯರು ಪುಸ್ತಕ ಓದದೆ ಮಾಡುತ್ತಿದ್ದರು. ಅಜ್ಜಿಯರ ಕಾಲ ಸುವರ್ಣಯುಗವಾಗಿತ್ತು ಎಂದು ನಾನು ಹೇಳುವುದಿಲ್ಲ. ಆ ಕಾಲದಲ್ಲಿ ಎಷ್ಟು ಕೂಸುಗಳು ವರ್ಷ ತುಂಬುವ ಮುಂಚೆ ಹೋಗುತ್ತಿದ್ದವು ಎಂದು ಇಲ್ಲಿಯ ಹಿರಿಯರನ್ನು ಕೇಳಿ. ಆದರೆ ರಾಗಿ ಸರಿ ಕಾಯಿಸಲು ಅರ್ಧ ಗಂಟೆ ಬೇಕು. ಬೆಳಗ್ಗೆ ಆರೂವರೆಗೆ ಗಾರ್ಮೆಂಟ್ಸ್ ವ್ಯಾನು ಹತ್ತಬೇಕಾದ ತಾಯಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಐದು ರೂಪಾಯಿಯ ಬಿಸ್ಕತ್ತು ಹಾಲಿನಲ್ಲಿ ಅದ್ದಿದರೆ ಎರಡು ನಿಮಿಷ. ಮಗು ಸುಮ್ಮನಾಗುತ್ತದೆ. ಮೈದಾ, ಸಕ್ಕರೆ, ತಾಳೆಎಣ್ಣೆ. ಹಸಿವು ಸತ್ತಿತು, ಸಾರು ಅನ್ನಕ್ಕೆ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅಳು ಬಂದರೆ ಕುರುಕಲು ಪೊಟ್ಟಣ, ಊಟ ಬೇಡವೆಂದರೆ ಕೈಗೆ ಮೊಬೈಲು. ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದೇ ಇಲ್ಲ. ಇದರಲ್ಲಿ ತಾಯಿಯನ್ನು ಬೈದರೆ ಪ್ರಯೋಜನವಿಲ್ಲ. ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಬಗೆಯ ಆಹಾರ, ಸಾಕಷ್ಟು ಸಲ ಸಿಗುವವರು ನೂರಕ್ಕೆ ಹನ್ನೊಂದು ಎಂದರೆ, ಅದು ಉಳಿದ ಎಂಬತ್ತೊಂಬತ್ತು ತಾಯಂದಿರ ಸೋಮಾರಿತನವಲ್ಲ.

ಒಂದೇ ಪೊಟ್ಟಣ ಎರಡು ಮನೆಯಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು ಮನೆಯಲ್ಲಿ ಊಟದ ಬದಲು ಬಂದು ಮಗುವನ್ನು ಸೊರಗಿಸುತ್ತದೆ. ಇನ್ನೊಂದು ಮನೆಯಲ್ಲಿ ಊಟದ ಮೇಲೆ ಬಂದು ದಪ್ಪ ಮಾಡುತ್ತದೆ. ಅದಕ್ಕೇ ಹೇಳಿದ್ದು, ಆ ಮೂವರೂ ಈ 35 ಜನರೂ ಒಂದೇ ಅಂಗಡಿಯ ಗಿರಾಕಿಗಳು ಎಂದು ನೋಡಬೇಕು.

ಈಗ "ಮೊಟ್ಟೆ ಯಾಕೆ, ಹಾಲು ಯಾಕೆ" ಎಂಬ ಎರಡನೆಯ ಮಾತಿಗೆ ಬರುತ್ತೇನೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾಯಿತು. 2021ರ ಕೊನೆಯಲ್ಲಿ ಮೊದಲು ಉತ್ತರದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಬಂತು, ಆಮೇಲೆ ರಾಜ್ಯಕ್ಕೆಲ್ಲ, ಆಮೇಲೆ ನಿಮ್ಮ ಹೈಸ್ಕೂಲಿಗೂ ಬಂತು. ತಿನ್ನದವರಿಗೆ ಬಾಳೆಹಣ್ಣು, ಮೊದಮೊದಲು ಚಿಕ್ಕಿಯೂ ಇತ್ತು. ಇದರ ಸುತ್ತ ಎಷ್ಟು ಗಲಾಟೆಯಾಯಿತು ಎಂದು ಬಲ್ಲಿರಿ. ನಾನು ವೈದ್ಯನಾಗಿ ಹೇಳುವುದು ಇಷ್ಟು: ಮಗುವನ್ನು ಅಗಲ ಮಾಡದೆ ಉದ್ದ ಮಾಡುವ ಆಹಾರ ಎಂದರೆ ಇವೇ, ಹಾಲು, ಮೊಟ್ಟೆ, ಕಾಳು, ಸೊಪ್ಪು. ಅತಿತೂಕ ಏರುತ್ತಿದೆ ಎಂಬ ವರದಿ ತೋರಿಸಿ ಇದನ್ನು ನಿಲ್ಲಿಸಿದರೆ ಈಜಿಪ್ಟಿನ ಕೋಳಿ ಕತೆಯನ್ನು ನಾವೇ ಕೈಯಾರೆ ತಂದುಕೊಂಡ ಹಾಗೆ. ಸಕ್ಕರೆ ಕಡಿಮೆ ಮಾಡೋಣ. ಹಾಲಿಗೆ ಹಾಕುವ ಸಕ್ಕರೆ ಕೂಡ. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಸೇರಿಸಲೇಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಹೇಳಿದೆ.

ಶಾಲೆಯವರು ಮಾಡಬಹುದಾದದ್ದು ಒಂದಿದೆ. 2020ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ನಿಯಮ ತಂದಿದೆ: ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮಾರುವಂತಿಲ್ಲ, ಗೇಟಿನಿಂದ 50 ಮೀಟರಿನೊಳಗೂ ಮಾರುವಂತಿಲ್ಲ. ನಮ್ಮ ಗೇಟಿನಿಂದ 50 ಮೀಟರು ಎಂದರೆ ಅರಳಿಕಟ್ಟೆಯ ತನಕ. ಅಲ್ಲಿ ಎರಡು ಅಂಗಡಿ ಇವೆ, ಇಬ್ಬರೂ ನಮ್ಮವರೇ, ಒಬ್ಬರು ನನ್ನ ತರಗತಿಯವರು. ಅವರ ಅಂಗಡಿ ಎತ್ತಿಸಿ ಎಂದು ನಾನು ಹೇಳುತ್ತಿಲ್ಲ. ಕಡಲೆಕಾಯಿ, ಕಡ್ಲೆಪುರಿ, ಸೀಬೆಹಣ್ಣು, ಸೌತೆಕಾಯಿ, ಬೇಯಿಸಿದ ಕಡಲೆ ಇಟ್ಟರೆ ಮಕ್ಕಳು ಕೊಳ್ಳುವುದಿಲ್ಲವೇ? ಸಮಿತಿಯವರು ಕೂತು ಮಾತಾಡಿ, ನಷ್ಟವಾಗದ ದಾರಿ ಹುಡುಕಬಹುದು. ಹೈಸ್ಕೂಲು ಹುಡುಗರ ಜೇಬಿನ ಪೊಟ್ಟಣವೇ ಸಂಜೆ ಮನೆಯ ಪುಟ್ಟ ತಂಗಿಯ ಕೈಗೆ ಹೋಗುವುದು ಎಂಬುದನ್ನು ಮರೆಯಬೇಡಿ.

ನಿಮ್ಮ ಮನೆಯಲ್ಲಿ ಅತಿತೂಕದ ಚಿಕ್ಕ ಮಗು ಇದ್ದರೆ ಉಪವಾಸ ಹಾಕಬೇಡಿ. ಬೆಳೆಯುವ ಮಗುವಿನ ತೂಕ ಇಳಿಸುವುದು ಸಾಮಾನ್ಯವಾಗಿ ನಮ್ಮ ಗುರಿಯಲ್ಲ. ತೂಕ ಹೆಚ್ಚೇರದಂತೆ ಹಿಡಿದರೆ ಎತ್ತರ ಬೆಳೆದು ತಾನಾಗಿ ಸರಿಹೋಗುತ್ತದೆ. ಪೊಟ್ಟಣ ನಿಲ್ಲಿಸಿ, ಮೊಬೈಲಿಲ್ಲದೆ ಉಣಿಸಿ, ಬೀದಿಯಲ್ಲಿ ಓಡಲು ಬಿಡಿ. ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ಡುಮ್ಮ, ಗುಂಡಮ್ಮ ಎಂದು ಕೆನ್ನೆ ಹಿಂಡುವ ನೆಂಟರನ್ನು ನಯವಾಗಿ ತಡೆಯಿರಿ. ಮೂರು ವರ್ಷದ ಮಗುವಿಗೂ ಅದು ತಿಳಿಯುತ್ತದೆ.

ಇವತ್ತು ಊಟವಾದ ಮೇಲೆ, ಎರಡೂವರೆಗೆ, ಪಕ್ಕದ ಅಂಗನವಾಡಿಯಲ್ಲಿ ಐದು ವರ್ಷದೊಳಗಿನ ಎಲ್ಲ ಮಕ್ಕಳ ತೂಕವನ್ನೂ ಎತ್ತರವನ್ನೂ ಅಳೆಯುತ್ತೇವೆ. ತಾಯಿ ಕಾರ್ಡು ತನ್ನಿ. ಚಪ್ಪಲಿ ಬಿಚ್ಚಿಸಿ, ಜುಟ್ಟು, ಹೂವು ಇದ್ದರೆ ತೆಗೆದು ಕರೆತನ್ನಿ, ಅಳತೆಯಲ್ಲಿ ಎರಡು ಸೆಂಟಿಮೀಟರು ಅದೇ ನುಂಗುತ್ತದೆ. ಎರಡು ವರ್ಷದೊಳಗಿನ ಕೂಸುಗಳನ್ನು ಮಲಗಿಸಿ ಅಳೆಯಬೇಕು, ಇಬ್ಬರು ಹಿಡಿದುಕೊಳ್ಳಬೇಕು, ಆದ್ದರಿಂದ ಅಪ್ಪಂದಿರೂ ಬನ್ನಿ. ಹತ್ತನೇ ತರಗತಿಯ ಆರು ವಿದ್ಯಾರ್ಥಿಗಳು ಬರೆದುಕೊಳ್ಳಲು ಒಪ್ಪಿದ್ದಾರೆ. ಯಾರ ಅಂಕಿಯನ್ನೂ ಗಟ್ಟಿಯಾಗಿ ಓದಬಾರದು ಎಂದು ಅವರಿಗೆ ಹೇಳಿದ್ದೇನೆ. ಕೇಳಬೇಕಾದ್ದಿದ್ದರೆ ನನ್ನನ್ನೇ ಕೇಳಿ, ಐದು ಗಂಟೆಯವರೆಗೆ ಅಲ್ಲೇ ಇರುತ್ತೇನೆ.